ಬೆಳಗಿನ ವಾಕಿಂಗ್ ಮತ್ತು ಬಿಟ್ಟ ನಾಯಿಗಳು: ಆದೇಶ ನಮ್ಮ ಓಣಿಗೆ ತಲಪುವ ತನಕ

2025ರ ಆಗಸ್ಟ್‌ನಿಂದ ನವೆಂಬರ್‌ವರೆಗಿನ ಮೂರು ತಿಂಗಳ ಅವಧಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬೀದಿನಾಯಿಗಳ ಕುರಿತು ಮೂರು ಮುಖ್ಯ ಆದೇಶಗಳನ್ನು ಹೊರಡಿಸಿತು. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠವು ದೆಹಲಿ ಹಾಗೂ ಸುತ್ತಲಿನ ಪಟ್ಟಣಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇರಿಸಬೇಕು, ಮರಳಿ ಬೀದಿಗೆ ಬಿಡಕೂಡದು ಎಂದಿತು. ಹನ್ನೊಂದೇ ದಿನಗಳಲ್ಲಿ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಸಂತಾನಶಕ್ತಿ ಹರಣ ಚಿಕಿತ್ಸೆ ಮಾಡಿ, ಲಸಿಕೆ ಕೊಟ್ಟು, ಹಿಡಿದ ಜಾಗದಲ್ಲೇ ಬಿಡಬೇಕು. ರೇಬಿಸ್ ತಗುಲಿದ, ತಗುಲಿರುವ ಸಂಶಯವಿರುವ ಅಥವಾ ಆಕ್ರಮಣ ಮಾಡುವ ನಾಯಿಗಳನ್ನು ಮಾತ್ರ ಬಿಡಬಾರದು. ಆಹಾರ ಹಾಕಲು ಪ್ರತಿ ವಾರ್ಡಿನಲ್ಲಿ ಜಾಗ ಗುರುತಿಸಬೇಕು, ಕಂಡ ಕಂಡ ಬೀದಿಯಲ್ಲಿ ಹಾಕುವಂತಿಲ್ಲ ಎಂದಿತು. ಪ್ರಕರಣದ ವ್ಯಾಪ್ತಿಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸಬೇಕು, ಅಲ್ಲಿಗೇ ಮತ್ತೆ ಬಿಡಬಾರದು ಎಂಬ ಆದೇಶವೂ ಬಂತು.

ಟಿ.ವಿ.ಯಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಒಂದು ಕಡೆ ಪ್ರಾಣಿದಯಾ ಸಂಘಟನೆಗಳು, ಇನ್ನೊಂದು ಕಡೆ ಕಚ್ಚಿಸಿಕೊಂಡವರ ಮನೆಯವರು. ಈ ಗದ್ದಲದಲ್ಲಿ ಒಬ್ಬರ ಮಾತು ಮಾತ್ರ ಕೇಳಿಸಲೇ ಇಲ್ಲ. ತಮ್ಮ ನಾಯಿಗೆ ಲಸಿಕೆ ಹಾಕಿಸಿ, ಬೆಲ್ಟು ಕಟ್ಟಿ, ಚೈನು ಕೈಯಲ್ಲಿ ಹಿಡಿದು ಬೆಳಿಗ್ಗೆ ಐದೂವರೆಗೆ ನಡೆಯಲು ಹೊರಡುವ ಮನುಷ್ಯರ ಮಾತದು. ಅವರು ನಾಯಿದ್ವೇಷಿಗಳಲ್ಲ. ಬೀದಿಗೆ ಅನ್ನ ಚೆಲ್ಲುವವರೂ ಅಲ್ಲ. ನಿಯಮವನ್ನೆಲ್ಲ ಪಾಲಿಸುವವರು ಅವರೇ, ಆದರೆ ಅಪಾಯ ಹೆಚ್ಚು ಇರುವುದೂ ಅವರಿಗೇ. ಒಂಟಿಯಾಗಿ ನಡೆಯುವವರನ್ನು ನೋಡಿ ಸುಮ್ಮನೆ ಮಲಗಿರುವ ಬೀದಿನಾಯಿ, ಜೊತೆಯಲ್ಲಿ ಇನ್ನೊಂದು ನಾಯಿಯನ್ನು ಕಂಡರೆ ಎದ್ದು ನಿಲ್ಲುತ್ತದೆ. ಅದರ ಮಟ್ಟಿಗೆ ಬಂದದ್ದು ಮನುಷ್ಯನಲ್ಲ, ತನ್ನ ಸೀಮೆಗೆ ಕಾಲಿಟ್ಟ ಪರಕೀಯ ನಾಯಿ.

ಕೇಂದ್ರ ಸರಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 2024ರಲ್ಲಿ ದೇಶದಲ್ಲಿ ವರದಿಯಾದ ನಾಯಿ ಕಡಿತಗಳು 37 ಲಕ್ಷಕ್ಕೂ ಮೇಲೆ. ರೇಬಿಸ್‌ನಿಂದ ಸತ್ತಿರಬಹುದೆಂದು ಶಂಕಿಸಲಾದವರು 54 ಮಂದಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಬಹಳ ಕಾಲದಿಂದ ವರ್ಷಕ್ಕೆ 18ರಿಂದ 20 ಸಾವಿರ ಸಾವು ಎಂದಿದೆ. ಇವೆರಡರ ನಡುವಿನ ಅಂತರವೇ ಒಂದು ಸುದ್ದಿ. ಆಸ್ಪತ್ರೆಗೆ ಬಾರದೆ ಮನೆಯಲ್ಲೇ ಸತ್ತವರು, ಬೇರೆ ಕಾಯಿಲೆಯ ಹೆಸರಿನಲ್ಲಿ ದಾಖಲಾದವರು ಸರಕಾರಿ ಲೆಕ್ಕದಲ್ಲಿ ಸಿಗುವುದಿಲ್ಲ.

ಕಡಿತವಿಲ್ಲದೆಯೂ ಸಾವು ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ವಾಘ್ ಬಕ್ರಿ ಚಹಾ ಕಂಪೆನಿಯ ನಿರ್ದೇಶಕ ಪರಾಗ್ ದೇಸಾಯಿಯವರು ಮನೆಯ ಹತ್ತಿರ ನಡೆಯುತ್ತಿದ್ದಾಗ ಬೀದಿನಾಯಿಗಳಿಂದ ತಪ್ಪಿಸಿಕೊಳ್ಳಲು ಹೋಗಿ ಬಿದ್ದು, ಮಿದುಳಿನ ರಕ್ತಸ್ರಾವದಿಂದ ವಾರದೊಳಗೆ ತೀರಿಕೊಂಡರು ಎಂದು ವರದಿಯಾಯಿತು. ಅವರಿಗೆ ವಯಸ್ಸು 49. ನಮ್ಮ ಧರ್ಮಕೇಂದ್ರಗಳಲ್ಲಿ ಬೆಳಗಿನ ಪೂಜೆಗೆ ನಡೆದು ಬರುವವರಲ್ಲಿ ಹೆಚ್ಚಿನವರು ಅವರಿಗಿಂತ ಹಿರಿಯರು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಂಕ್ರೀಟ್ ರಸ್ತೆ, ಒಂದು ಬದಿ ದರೆ, ಇನ್ನೊಂದು ಬದಿ ಚರಂಡಿ. ಇಂತಹಲ್ಲಿ ನಾಯಿಯ ಹಲ್ಲಿಗಿಂತ ಬೀಳುವುದೇ ದೊಡ್ಡ ಅಪಾಯ.

ಈಗ ಮೂಲ ಪ್ರಶ್ನೆಗೆ ಬರೋಣ. ದಾರಿಯಲ್ಲಿ ಅಡ್ಡ ಬರುವ ಈ ನಾಯಿ ಯಾರದು?

ನಗರಗಳ ಚರ್ಚೆಯಲ್ಲಿ ಉತ್ತರ ಸುಲಭ: ಯಾರದ್ದೂ ಅಲ್ಲ. ಕರಾವಳಿಯಲ್ಲಿ ಉತ್ತರ ಅಷ್ಟು ಸುಲಭವಲ್ಲ. ಹಗಲೆಲ್ಲ ಗೂಡಿನಲ್ಲಿ ಅಥವಾ ಸಂಕೋಲೆಯಲ್ಲಿದ್ದು, ರಾತ್ರಿ ಊಟವಾದ ಮೇಲೆ ತೋಟ ಕಾಯಲೆಂದು ಬಿಟ್ಟು, ಬೆಳಿಗ್ಗೆ ಹಾಲಿನ ಡೈರಿಗೆ ಹೋಗಿ ಬಂದ ಮೇಲೆ ಮತ್ತೆ ಕಟ್ಟುವ ನಾಯಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ? ಅದಕ್ಕೆ ಹೆಸರಿದೆ, ಯಜಮಾನರಿದ್ದಾರೆ, ಒಂದು ಕಾಲದಲ್ಲಿ ಬೆಲ್ಟು ಕೂಡ ಇತ್ತು. ಅದು ಹೊರಗಿರುವ ಹೊತ್ತೂ ನೆರೆಯವರು ನಡೆಯುವ ಹೊತ್ತೂ ಒಂದೇ. ಗೇಟಿನ ಒಳಗಿದ್ದಾಗ ಕಾವಲು ಎನಿಸಿಕೊಳ್ಳುವುದು, ಗೇಟು ದಾಟಿ ಹತ್ತು ಹೆಜ್ಜೆ ಬಂದರೆ ದಾರಿಹೋಕರ ಪಾಲಿಗೆ ಬೀದಿನಾಯಿಯೇ. "ನಮ್ಮದು ಏನೂ ಮಾಡುವುದಿಲ್ಲ" ಎಂದು ಜಗಲಿಯಿಂದ ಕೂಗಿ ಹೇಳುವ ಮಾತನ್ನು ಕೇಳದವರು ವಿರಳ. ಮನೆಯವರಿಗೆ ಏನೂ ಮಾಡುವುದಿಲ್ಲ ಎಂಬುದು ನಿಜವಿರಬಹುದು. ಚೈನಿನಲ್ಲಿ ಬರುವ ಇನ್ನೊಂದು ನಾಯಿಯನ್ನು ಅದು ಏನು ಮಾಡೀತು ಎಂದು ಜಗಲಿಯಲ್ಲಿದ್ದವರು ನೋಡಿರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳ ಲಸಿಕೆ ಹಾಗೂ ಸಂತಾನಹರಣದ ಹೊಣೆ ಸ್ಥಳೀಯ ಸಂಸ್ಥೆಯದ್ದು, ಸಾಕುನಾಯಿಯ ಹೊಣೆ ಮಾಲಕರದ್ದು. ತಮ್ಮ ವಶದಲ್ಲಿರುವ ಪ್ರಾಣಿಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಆರು ತಿಂಗಳವರೆಗಿನ ಸಜೆ, ಇಲ್ಲವೇ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಈ ದಂಡ 1,000 ರೂಪಾಯಿ ಇತ್ತು. ಬೀದಿನಾಯಿಯನ್ನು ದತ್ತು ಪಡೆದವರು ಅದು ಮರಳಿ ಬೀದಿಗೆ ಬಾರದಂತೆ ನೋಡಿಕೊಳ್ಳಬೇಕು ಎಂದು ಆಗಸ್ಟ್ 22ರ ಆದೇಶದಲ್ಲೂ ಇದೆ. ದತ್ತು ಪಡೆದವರಿಗೆ ಹೇಳಿದ್ದು ದುಡ್ಡು ಕೊಟ್ಟು ತಂದವರಿಗೆ ಅನ್ವಯವಾಗದು ಎಂದು ವಾದಿಸಲು ಸಾಧ್ಯವೇ?

2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಬೇರೆ ದಾರಿ ಹಿಡಿದಿತ್ತು. ಇಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ಉಗ್ರವೆಂದು ಹೆಸರಿಸಿ ಅವುಗಳ ಸಾಕಣೆಯನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ನಮ್ಮ ಅಭಿಪ್ರಾಯದಲ್ಲಿ ಆ ಸುತ್ತೋಲೆ ಉಳಿದಿದ್ದರೂ ನಮ್ಮ ಓಣಿಗಳಿಗೆ ದೊಡ್ಡ ಪ್ರಯೋಜನವಿರಲಿಲ್ಲ. ಇಲ್ಲಿ ಎದುರಾಗುವುದು ರಾಟ್‌ವೈಲರ್ ಅಲ್ಲ, ಕಾಟು ನಾಯಿ. ತಪ್ಪು ತಳಿಯಲ್ಲಿಲ್ಲ, ತೆರೆದ ಗೇಟಿನಲ್ಲಿದೆ.

ಇನ್ನು, ನಾಯಿಯೊಂದಿಗೆ ನಡೆಯುವವರು ತಮ್ಮನ್ನೂ ಅದನ್ನೂ ಕಾಪಾಡಿಕೊಳ್ಳುವುದು ಹೇಗೆ? ಇದು ಕೆಲವರಿಗೆ ಸಣ್ಣ ವಿಷಯ ಎನಿಸಬಹುದು. ಆದರೆ ಆದೇಶ ದೆಹಲಿಯಿಂದ ಹೊರಟು ಗ್ರಾಮ ಪಂಚಾಯತ್ ತಲಪುವ ತನಕ ಬೆಳಗಿನ ವಾಕಿಂಗ್ ನಿಲ್ಲುವುದಿಲ್ಲವಲ್ಲ.

ಮೊದಲನೆಯದಾಗಿ ಕೈಯಲ್ಲಿ ಏನಿದೆ ಎಂಬುದು ಮುಖ್ಯ. ಗುಂಡಿ ಒತ್ತಿದರೆ ಉದ್ದಕ್ಕೆ ಎಳೆದುಕೊಳ್ಳುವ ಲೀಶ್‌ಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ಖಾಲಿ ಮೈದಾನಕ್ಕೆ ಅವು ಸರಿ, ಓಣಿಗೆ ಬೇಡ. ನಿಮ್ಮ ನಾಯಿ ಹದಿನೈದು ಅಡಿ ಮುಂದೆ ತಿರುವಿನಲ್ಲಿ ಮರೆಯಾದಾಗ ಅಲ್ಲೇನಿದೆ ಎಂದು ನಿಮಗೆ ಕಾಣುವುದಿಲ್ಲ. ನಾಲ್ಕರಿಂದ ಆರು ಅಡಿಯ ಗಟ್ಟಿ ಪಟ್ಟಿ ಸಾಕು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕೊರಳಿನ ಬೆಲ್ಟು ತಲೆಯಿಂದ ಕಳಚಿಕೊಳ್ಳುವುದುಂಟು. ಆದ್ದರಿಂದ ಎದೆಗೆ ಕಟ್ಟುವ ಹಾರ್ನೆಸ್ ಹೆಚ್ಚು ಭದ್ರ. ಚೈನನ್ನು ಮುಂಗೈಗೆ ಸುತ್ತಿಕೊಳ್ಳುವ ಅಭ್ಯಾಸ ಹಲವರಿಗಿದೆ. ನಾಯಿ ಒಮ್ಮೆ ಜಿಗಿದರೆ ಮನುಷ್ಯರೂ ಜೊತೆಗೆ ನೆಲ ಕಾಣುತ್ತಾರೆ.

ಇನ್ನೊಂದು ಕೈಯಲ್ಲಿ ಕೊಡೆ ಇರಲಿ. ಕರಾವಳಿಯಲ್ಲಿ ವರ್ಷದ ಅರ್ಧ ಕಾಲ ಹೇಗೂ ಕೊಡೆ ಇರುತ್ತದೆ, ಉಳಿದ ಅರ್ಧಕ್ಕೂ ಅದನ್ನು ಮನೆಯಲ್ಲಿ ಬಿಡಬೇಡಿ. ಓಡಿ ಬರುವ ನಾಯಿಯ ಎದುರು ಫಟ್ಟನೆ ಬಿಡಿಸಿದ ಕೊಡೆ ಅದಕ್ಕೆ ಗೋಡೆ ಎದ್ದಂತೆ. ಹೆಚ್ಚಿನ ನಾಯಿಗಳು ಅಲ್ಲೇ ತಡೆಯುತ್ತವೆ. ಅಕಸ್ಮಾತ್ ಮುಂದೆ ಬಂದರೂ ಅದರ ಬಾಯಿಗೆ ಸಿಗುವುದು ಬಟ್ಟೆಯೇ ಹೊರತು ನಿಮ್ಮ ಕಾಲಲ್ಲ. ದೊಣ್ಣೆಯನ್ನು ನೆಲಕ್ಕೆ ಕುಟ್ಟಿದರೆ ಸಾಕು, ಬೀಸಬೇಡಿ. ಬೀಸಿದ ದೊಣ್ಣೆ ನಿಮ್ಮ ನಾಯಿಯನ್ನೂ ಹೆದರಿಸುತ್ತದೆ, ಎದುರಿನ ನಾಯಿಗೆ ಜಗಳ ಆರಂಭವಾಯಿತು ಎಂಬ ಸೂಚನೆಯನ್ನೂ ಕೊಡುತ್ತದೆ. ಕಲ್ಲು ಹೆಕ್ಕುವಂತೆ ಬಗ್ಗಿದರೆ ಹಿಂದೆ ಸರಿಯದ ಬೀದಿನಾಯಿ ನಮ್ಮ ದೇಶದಲ್ಲಿ ಅಪರೂಪ. ಆ ಪಾಠವನ್ನು ಅವು ಹೇಗೆ ಕಲಿತವು ಎಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಬೊಗಳುವ ನಾಯಿಗಿಂತ ಬೊಗಳದೆ ಬರುವ ನಾಯಿಯ ಮೇಲೆ ಹೆಚ್ಚು ಗಮನವಿರಲಿ. ದೂರದಲ್ಲಿ ನಿಂತು ಬೊಗಳುವುದೆಂದರೆ "ಇಷ್ಟರ ತನಕ ನನ್ನ ಜಾಗ" ಎಂದು ಹೇಳಿದಂತೆ. ಬಾಲ ಮೇಲೆತ್ತಿ ಸೆಟೆದು, ಬೆನ್ನಿನ ರೋಮ ನಿಗುರಿಸಿ, ಕಣ್ಣು ಕದಲಿಸದೆ ನೇರವಾಗಿ ಬರುವ ನಾಯಿ ಮಾತು ಮುಗಿಸಿದೆ. ಅಂತಹದು ಕಂಡಾಗ ಓಡಬಾರದು. ಓಡುವ ವಸ್ತುವನ್ನು ಅಟ್ಟುವುದು ನಾಯಿಯ ಹುಟ್ಟುಗುಣ, ಬೈಕುಗಳ ಹಿಂದೆ ಅವು ಓಡುವುದೂ ಇದರಿಂದಲೇ. ನಿಂತು, ನಿಮ್ಮ ನಾಯಿಯನ್ನು ಹಿಂಬದಿಗೆ ಸರಿಸಿ, ಗಡಸು ಸ್ವರದಲ್ಲಿ ಒಮ್ಮೆ ಗದರಿ, ಬೆನ್ನು ತೋರಿಸದೆ ನಿಧಾನವಾಗಿ ಬದಿಗೆ ಹೆಜ್ಜೆ ಇಡುತ್ತಾ ಹೋಗಬೇಕು. ಅದರ ಸೀಮೆ ಮುಗಿದ ಕೂಡಲೇ ಅದು ನಿಲ್ಲುತ್ತದೆ. ಚೈನನ್ನು ಬಿಗಿಯಾಗಿ ಎಳೆದು ಹಿಡಿಯಬೇಡಿ. ನಿಮ್ಮ ಕೈಯ ನಡುಕ ಆ ಚೈನಿನ ಮೂಲಕವೇ ನಿಮ್ಮ ನಾಯಿಗೆ ತಲಪುತ್ತದೆ, ಅದೂ ಎಗರಾಡತೊಡಗುತ್ತದೆ.

ಪುಟ್ಟ ನಾಯಿ ಇದ್ದವರು ಮೊದಲು ಮಾಡುವುದು ಅದನ್ನು ಎತ್ತಿಕೊಳ್ಳುವುದು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಎತ್ತಿದ ನಾಯಿಯನ್ನು ಹಿಡಿಯಲು ಕೆಳಗಿನ ನಾಯಿ ಜಿಗಿಯುವಾಗ ಸಿಗುವುದು ಮನುಷ್ಯರ ಕೈ, ಎದೆ, ಮುಖ. ನಿಂತ ಕಾರಿನ ಬಾನೆಟ್, ಕಂಪೌಂಡಿನ ಮೇಲ್ಭಾಗ, ಯಾರದಾದರೂ ಗೇಟಿನ ಒಳಗೆ, ಹೀಗೆ ನಿಮ್ಮ ಮೈಯಿಂದ ದೂರ ಇಡಲು ಸಾಧ್ಯವಿದ್ದರೆ ಇಡಿ. ಜಗಳ ಹತ್ತಿಕೊಂಡೇ ಬಿಟ್ಟರೆ ನಡುವೆ ಕೈ ಹಾಕಲೇಬಾರದು. ಹಾಗೆ ಹಾಕಿದವರನ್ನು ಎಷ್ಟೋ ಸಲ ಕಚ್ಚುವುದು ಅವರದೇ ನಾಯಿ; ಆ ಗಳಿಗೆಯಲ್ಲಿ ಅದಕ್ಕೆ ಯಾರು ಯಾರೆಂದು ತಿಳಿಯದು. ಒಂದು ಬಕೆಟ್ ನೀರು, ಗೋಣಿ, ಎರಡರ ನಡುವೆ ಬಿಡಿಸಿದ ಕೊಡೆ, ಇವು ಕೈಗಿಂತ ಉತ್ತಮ. ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲುಗಳನ್ನು ಹಿಡಿದು ಹಿಂದಕ್ಕೆ ಎಳೆಯಬಹುದು. ಒಬ್ಬರೇ ಇದ್ದರೆ ಆ ಸಾಹಸ ಬೇಡ.

ಋತುವನ್ನೂ ಗಮನಿಸಬೇಕು. ಮಳೆಗಾಲ ಇಳಿಯುವ ಹೊತ್ತಿಗೆ ನಾಯಿಗಳ ಗುಂಪು ಕಟ್ಟುವ ಕಾಲ. ಗರ್ಭ ಸುಮಾರು 63 ದಿನ. ಚಳಿಗಾಲದಲ್ಲಿ ಮೋರಿಯೊಳಗೆ, ಕಟ್ಟಿಗೆ ರಾಶಿಯ ಅಡಿಯಲ್ಲಿ ಮರಿಗಳು. ಆಗ ನಿನ್ನೆಯವರೆಗೆ ಬಾಲ ಅಲ್ಲಾಡಿಸುತ್ತಿದ್ದ ಹೆಣ್ಣು ನಾಯಿಯೂ ಹತ್ತಿರ ಬಂದವರ ಮೇಲೆ ಎರಗಬಹುದು. ಕ್ರಿಸ್ಮಸ್ ತಿಂಗಳಲ್ಲಿ ವಾಕಿಂಗಿನ ದಾರಿ ಸ್ವಲ್ಪ ಬದಲಿಸಿಕೊಂಡರೆ ನಷ್ಟವಿಲ್ಲ.

ಇಷ್ಟಾದರೂ ಕಚ್ಚಿದರೆ? ಇಲ್ಲಿ ನಮ್ಮ ಓದುಗರು, ವಿಶೇಷವಾಗಿ ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವವರು, ಮನೆಮನೆಗೆ ತಿಳಿಸಬೇಕಾದ ಮಾತಿದೆ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಗಡಿಯಾರ ನೋಡಿ 15 ನಿಮಿಷ. ರೇಬಿಸ್ ವೈರಾಣುವಿನ ಹೊರಕವಚದಲ್ಲಿ ಕೊಬ್ಬಿನ ಅಂಶವಿದೆ, ಸೋಪು ಅದನ್ನು ಒಡೆಯುತ್ತದೆ. ಅರಸಿನ, ಸುಣ್ಣ, ಮೆಣಸಿನ ಪುಡಿ ಹಚ್ಚುವುದರಿಂದ ಒಳ್ಳೆಯದಾಗುವುದಿಲ್ಲ, ಗಾಯ ಕೆಡುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆ ಮಾತ್ರ ಸಾಲದು, ಗಾಯದ ಸುತ್ತ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಅದನ್ನು ಕೇಳಿ ಪಡೆಯಿರಿ. 2025ರ ಏಪ್ರಿಲ್, ಮೇ ತಿಂಗಳಲ್ಲಿ ಕೇರಳದಲ್ಲಿ ಲಸಿಕೆ ಆರಂಭಿಸಿದ್ದ ಮಕ್ಕಳೂ ತೀರಿಕೊಂಡ ಸುದ್ದಿ ಬಂತು. ತಲೆ, ಮುಖಕ್ಕೆ ಕಚ್ಚಿದಾಗ ವೈರಾಣು ಮಿದುಳಿಗೆ ಸಾಗುವ ದಾರಿ ಬಹಳ ಚಿಕ್ಕದು, ಲಸಿಕೆ ಶಕ್ತಿ ಕೊಡುವ ಮೊದಲೇ ಅದು ತಲಪಿಬಿಡಬಹುದು. ಹಾಗೆಂದು ಲಸಿಕೆಯೇ ವ್ಯರ್ಥ ಎನ್ನುವವರ ಮಾತು ಕೇಳಬೇಡಿ. ರೋಗದ ಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು, ಅದಕ್ಕೆ ಮುಂಚೆ ಇರುವ ಏಕೈಕ ದಾರಿ ಇದು.

ನಮ್ಮ ಹಿರಿಯರಲ್ಲಿ ಹಲವರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್‌ಗಳ ನೆನಪು ಇನ್ನೂ ಹೋಗಿಲ್ಲ. "ಸ್ವಲ್ಪ ಗೀರಿದ್ದಷ್ಟೇ" ಎಂದು ಅವರು ಸುಮ್ಮನಿರುವುದಕ್ಕೆ ಆ ಭಯವೂ ಕಾರಣ. ಆ ಹಳೆಯ ಲಸಿಕೆ 2004ರ ಕೊನೆಗೇ ನಿಂತುಹೋಗಿದೆ. ಈಗ ತೋಳಿಗೆ, ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಅನಂತರ 3, 7 ಮತ್ತು 28ನೇ ದಿನ. ನಡುವೆ ಬಿಡಬಾರದು. ಕಚ್ಚಿದ ನಾಯಿ ಗುರುತಿನದ್ದಾಗಿದ್ದರೆ ಅದನ್ನು ಹೊಡೆದು ಸಾಯಿಸದೆ ಹತ್ತು ದಿನ ಕಣ್ಣಿಡಬೇಕು. ಹತ್ತು ದಿನವೂ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ ಎಂದು ತಿಳಿಯಬಹುದು. ಆದರೆ ಆ ಹತ್ತು ದಿನ ಕಾಯುತ್ತಾ ಲಸಿಕೆಯನ್ನು ಮುಂದೂಡುವಂತಿಲ್ಲ.

ನಿಮ್ಮ ನಾಯಿಗೆ ಕಚ್ಚಿದ್ದರೆ ಕೈಗವಸು ಹಾಕಿಯೇ ತೊಳೆಯಿರಿ. ಅದರ ರೋಮದ ಮೇಲೆ ಇನ್ನೊಂದು ನಾಯಿಯ ಜೊಲ್ಲು ಇರುತ್ತದೆ, ನಿಮ್ಮ ಬೆರಳಲ್ಲಿ ಗಾಯವಿದ್ದರೆ ಅದೇ ಸಾಕು. ವರ್ಷದ ಲಸಿಕೆ ಆಗಿದ್ದರೂ ಪಶುವೈದ್ಯರಲ್ಲಿಗೆ ಹೋಗಬೇಕು, ಅವರು ಮತ್ತೆ ಬೂಸ್ಟರ್ ಕೊಡುತ್ತಾರೆ. ಹೊರಗೆ ಸಣ್ಣ ತೂತು ಕಂಡರೂ ಚರ್ಮದ ಅಡಿಯಲ್ಲಿ ಮಾಂಸ ಹರಿದಿರುವುದು ಸಾಮಾನ್ಯ. ಲಸಿಕೆಯ ಪುಸ್ತಕವನ್ನು ಜೊತೆಗೆ ಒಯ್ಯಿರಿ. ಪುಸ್ತಕವೇ ಇಲ್ಲ ಎಂದಾದರೆ ಈ ವಾರವೇ ಮಾಡಿಸಿ.

ರೇಬಿಸನ್ನು ತಡೆಯಲು ಸಾಧ್ಯವೇ ಎಂಬ ಸಂಶಯಕ್ಕೆ ಉತ್ತರ ದೂರದಲ್ಲಿಲ್ಲ. ನಮ್ಮ ಪೂರ್ವಜರಲ್ಲಿ ಎಷ್ಟೋ ಮಂದಿ ಹೊರಟು ಬಂದ ಗೋವಾದಲ್ಲಿ 2013ರಿಂದ 2019ರವರೆಗೆ ಮಿಷನ್ ರೇಬಿಸ್ ಸಂಸ್ಥೆ ಹಾಗೂ ರಾಜ್ಯ ಸರಕಾರ ಸೇರಿ ಕೆಲಸ ಮಾಡಿದವು. ನಾಯಿಗಳನ್ನು ಬಲೆಯಲ್ಲಿ ಹಿಡಿದು, ಅಲ್ಲೇ ಲಸಿಕೆ ಚುಚ್ಚಿ, ಗುರುತಿಗೆ ಬಣ್ಣ ಹಚ್ಚಿ ಬಿಟ್ಟುಬಿಡುವ ಕ್ರಮ. ವರ್ಷಕ್ಕೆ ಲಕ್ಷದ ಹತ್ತಿರ ನಾಯಿಗಳು. ಜೊತೆಗೆ ಶಾಲೆಗಳಲ್ಲಿ ಮಕ್ಕಳಿಗೆ ಪಾಠ. 2018 ಮತ್ತು 2019ರಲ್ಲಿ ಅಲ್ಲಿ ರೇಬಿಸ್‌ನಿಂದ ಮನುಷ್ಯರು ಸತ್ತ ಒಂದು ದಾಖಲೆಯೂ ಇಲ್ಲ. 2021ರಲ್ಲಿ ಗೋವಾ ದೇಶದ ಮೊದಲ ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿತವಾಯಿತು. ಅಲ್ಲಿ ನಾಯಿಗಳು ಮಾಯವಾಗಲಿಲ್ಲ, ಇವತ್ತಿಗೂ ಸಮುದ್ರ ತೀರದಲ್ಲಿ ಮಲಗಿವೆ. ಹತ್ತರಲ್ಲಿ ಏಳು ನಾಯಿಗಳಿಗೆ ಲಸಿಕೆ ಆದರೆ ರೋಗ ಹರಡುವ ಸರಪಳಿ ತುಂಡಾಗುತ್ತದೆ. ನಮ್ಮ ಧರ್ಮಕೇಂದ್ರದ ವಾಳೆಗಳಲ್ಲಿ ಎಷ್ಟು ಸಾಕುನಾಯಿಗಳಿವೆ, ಎಷ್ಟಕ್ಕೆ ಲಸಿಕೆಯಾಗಿದೆ ಎಂದು ಗುರಿಕಾರರು ಒಂದು ಭಾನುವಾರದಲ್ಲಿ ಲೆಕ್ಕ ತೆಗೆಯಬಹುದು. ವಿಶ್ವ ರೇಬಿಸ್ ದಿನ ಸೆಪ್ಟೆಂಬರ್ 28; ಮೊಂತಿ ಹಬ್ಬ ಕಳೆದು ಇಪ್ಪತ್ತು ದಿನ. ಆ ವಾರ ಶಾಲಾ ಮೈದಾನದಲ್ಲಿ ಪಶುಸಂಗೋಪನಾ ಇಲಾಖೆಯವರನ್ನು ಕರೆಸಿ ಲಸಿಕಾ ಶಿಬಿರ ಇಡಲು ಹೆಚ್ಚು ಖರ್ಚಿಲ್ಲ.

ಮನೆಯವರೊಳಗಿನ ಮಾತಾಗಿ ಒಂದು ವಿಷಯವನ್ನೂ ಹೇಳಬೇಕು. ಮದುವೆ, ಹಬ್ಬದ ಊಟ ಮುಗಿದ ಮೇಲೆ ಸಭಾಭವನದ ಹಿಂಬದಿಯ ಗುಂಡಿಗೆ ಬೀಳುವ ಹಂದಿ, ಕೋಳಿಯ ಎಲುಬುಗಳು ಯಾವ ಸಂಖ್ಯೆಯ ನಾಯಿಗಳನ್ನು ಸಾಕುತ್ತಿವೆ? ಭಾನುವಾರ ಬಿಡದೆ ಅಲ್ಲಿ ಊಟ ಸಿಗುವುದಾದರೆ ಗುಂಪು ಅಲ್ಲೇ ಬೀಡುಬಿಡುತ್ತದೆ, ಸೋಮವಾರ ಬೆಳಿಗ್ಗೆ ಪೂಜೆಗೆ ಬರುವ ಅಜ್ಜಿಯನ್ನು ಅದು ಪರಕೀಯಳೆಂದು ತಿಳಿಯುತ್ತದೆ. ಮುಚ್ಚಳವಿಲ್ಲದ ಗುಂಡಿಗೆ ಮುಚ್ಚಳ ಹಾಕಿಸುವುದು ಪಾಲನಾ ಮಂಡಳಿಯ ಒಂದು ಸಭೆಯ ಕೆಲಸ. ಹಾಗೆಯೇ ಹೆಣ್ಣು ಮರಿಗಳನ್ನು ಗೋಣಿಯಲ್ಲಿ ತುಂಬಿ ರಾತ್ರಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಅಪರಾಧ. ವಿಷ ಹಾಕುವುದಂತೂ ಇನ್ನೂ ದೊಡ್ಡ ಅಪರಾಧ: ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಸಜೆ. ಆ ವಿಷದ ತುಂಡನ್ನು ಮೊದಲು ಮೂಸುವುದು ಚೈನಿನಲ್ಲಿ ಬರುವ ನಿಮ್ಮದೇ ನಾಯಿ ಆಗಿರಬಹುದು.

ಪಂಚಾಯತ್ ಅಥವಾ ನಗರಸಭೆಗೆ ಮೌಖಿಕ ದೂರು ಕೊಟ್ಟು ಪ್ರಯೋಜನವಿಲ್ಲ, ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಓಣಿಯ ಹೆಸರು, ನಾಯಿಗಳ ಸಂಖ್ಯೆ, ಯಾವ ಹೊತ್ತಿಗೆ ಎಲ್ಲಿ ಗುಂಪು ಸೇರುತ್ತವೆ, ಅಲ್ಲಿಗೆ ಆಹಾರ ಎಲ್ಲಿಂದ ಬರುತ್ತಿದೆ ಎಂಬುದನ್ನು ಬರೆಯಿರಿ. ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯ ತುದಿಯನ್ನು ಗುರುತಿಗಾಗಿ ಕತ್ತರಿಸಿರುತ್ತಾರೆ. ಎಷ್ಟು ನಾಯಿಗಳ ಕಿವಿಯಲ್ಲಿ ಆ ಗುರುತಿಲ್ಲ ಎಂದು ಎಣಿಸಿ ಅರ್ಜಿಯಲ್ಲಿ ಸೇರಿಸಿದರೆ, ಕೆಲಸ ಆಗಿದೆ ಎಂದು ಹೇಳಿ ಜಾರಿಕೊಳ್ಳಲು ಯಾರಿಗೂ ಸಾಧ್ಯವಾಗದು. ಅರ್ಜಿಗೆ ಸಹಿ ಹಾಕುವ ಮೊದಲು ಆ ಲೆಕ್ಕದಲ್ಲಿರುವ ನಾಯಿಗಳಲ್ಲಿ ಎಷ್ಟು ನಮ್ಮವೇ ಮನೆಗಳಿಂದ ರಾತ್ರಿ ಬಿಟ್ಟವು ಎಂದು ವಾಳೆಯ ಸಭೆಯಲ್ಲಿ ಕೇಳಿ, ಅವುಗಳನ್ನು ಪಟ್ಟಿಯಿಂದ ತೆಗೆದು ಆಯಾ ಮನೆಯವರಿಗೆ ನೇರವಾಗಿ ತಿಳಿಸಿಬಿಡುವುದು ಉತ್ತಮ.